ಲಾನ್ ಒಣಗಿದೆ, ಕಿತ್ತೇ ಹಾಕಿಬಿಡಲಾ?

ಪ್ರಶ್ನೆ: ಮೈಸೂರಿನಲ್ಲಿ 60×40 ಸೈಟಿನ ಮನೆ ನಮ್ಮದು. ಮುಂದೆ ಸುಮಾರು 600 ಚದರ ಅಡಿ ಲಾನ್ ಇದೆ. ಏಳು ವರ್ಷದ ಹಿಂದೆ ನರ್ಸರಿಯಿಂದ ಬರ್ಮುಡಾ ಹುಲ್ಲು ತಂದು ಹಾಕಿಸಿದ್ದು. ದಿನಾ ಬೆಳಿಗ್ಗೆ ನಲವತ್ತು ನಿಮಿಷ ಪೈಪ್ ಹಿಡಿದು ನೀರು ಹಾಕುತ್ತೇನೆ. ಈ ವರ್ಷ ಬೋರ್‌ವೆಲ್ ನೀರು ಸಾಲದೆ ಟ್ಯಾಂಕರ್ ತರಿಸುತ್ತಿದ್ದೇವೆ. ಆದರೂ ಫೆಬ್ರವರಿಯಿಂದ ಅಲ್ಲಲ್ಲಿ ಕಂದು ತೇಪೆ. ಮಾವಿನ ಮರದ ಕೆಳಗಂತೂ ಬರೀ ಮಣ್ಣು. ಉಳಿದ ಕಡೆ ತುಂಗೆ ಹುಲ್ಲು ನುಗ್ಗುತ್ತಿದೆ. ನಮ್ಮ ಮಾಲಿ “ಬೇರಿಗೆ ಹುಳ ಬಿದ್ದಿದೆ ಮೇಡಂ, ಹರಳು ಔಷಧಿ ತಂದುಕೊಡಿ, ಎರಡು ಕೆ.ಜಿ. ಯೂರಿಯಾನೂ ಬೇಕು” ಅನ್ನುತ್ತಾರೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ, ನಾಯಿ ಇದೆ. ಔಷಧಿ ಹಾಕಲು ಮನಸ್ಸಿಲ್ಲ. ಪಕ್ಕದ ಮನೆಯವರು ಪ್ಲಾಸ್ಟಿಕ್ ಹುಲ್ಲು ಹಾಸಿಕೊಂಡು ಆರಾಮಾಗಿದ್ದಾರೆ. ಲಾನ್ ಕಿತ್ತೇ ಹಾಕಿಬಿಡಲಾ? ನೀರು, ಮಣ್ಣು ಎರಡಕ್ಕೂ ತೊಂದರೆ ಆಗದ ಹಾಗೆ ತೋಟ ಇಟ್ಟುಕೊಳ್ಳುವುದು ಹೇಗೆ?

ಉತ್ತರ: ಕೀಳಬೇಡಿ. ಸದ್ಯಕ್ಕೆ ಏನನ್ನೂ ಹಾಕಲೂ ಬೇಡಿ. ನಾಳೆ ಬೆಳಿಗ್ಗೆ ಪೈಪ್ ಹಿಡಿಯುವ ಮುಂಚೆ ಒಂದು ಕೆಲಸ ಮಾಡಿ. ಕಂದು ತೇಪೆಯ ಮಧ್ಯದಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಮೇಲಕ್ಕೆ ಎಳೆಯಿರಿ. ಹಳೆ ಕಂಬಳಿ ಎತ್ತಿದ ಹಾಗೆ ಬುಡಸಮೇತ ಎದ್ದು ಬಂದರೆ ಬೇರನ್ನು ಹುಳ ತಿಂದಿದೆ. ಬಿಗಿಯಾಗಿ ಹಿಡಿದುಕೊಂಡಿದ್ದರೆ, ಬುಡದ ಹತ್ತಿರ ಉಗುರಿನಿಂದ ಕೆರೆದಾಗ ಬಿಳಿ ಇಲ್ಲವೇ ತಿಳಿಹಸಿರು ಕಂಡರೆ, ಹುಲ್ಲು ಜೀವಂತ ಇದೆ ಅಂತಲೇ ಅರ್ಥ. ಬಿಸಿಲಿಗೆ ಮಲಗಿದೆ, ಅಷ್ಟೇ.

ನನ್ನ ಅಂದಾಜು ಎರಡನೆಯದು. ಯಾಕೆ ಅಂದರೆ ಮಾಲಿ ಹೇಳುವ ಗೊಣ್ಣೆ ಹುಳುವಿಗೆ ಒಂದು ಕಾಲ ಇದೆ. ಬೇಸಿಗೆಯ ಮೊದಲ ಒಳ್ಳೆ ಮಳೆ ಬಿದ್ದ ಸಂಜೆ ಮಣ್ಣಿನಿಂದ ಕಂದು ದುಂಬಿಗಳು ಏಳುತ್ತವೆ. ಬೇವಿನ ಮರಕ್ಕೆ ಮುತ್ತಿಕೊಂಡು ಎಲೆ ತಿನ್ನುತ್ತವೆ, ಆಮೇಲೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಅದರ ಮರಿಗಳೇ ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಸುರುಳಿ ಸುತ್ತಿಕೊಂಡಿರುವ ಬಿಳಿ ಹುಳುಗಳು. ಅವು ಬೇರು ತಿನ್ನುವುದು ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ. ಫೆಬ್ರವರಿಯಲ್ಲಿ ಶುರುವಾದ ಕಂದು ತೇಪೆಗೆ ಅವುಗಳನ್ನು ಬೈಯುವುದು ಅನ್ಯಾಯ.

ಇನ್ನೂ ಮೂವರು ಗುಮಾನಿಯಲ್ಲಿದ್ದಾರೆ. ತೇಪೆ ತಟ್ಟೆಯಷ್ಟು ಗುಂಡಗಿದ್ದು ಸುತ್ತ ಕಡುಹಸಿರು ಬಳೆ ಕಂಡರೆ ಅದು ನಿಮ್ಮ ನಾಯಿಯ ಕೆಲಸ. ಮೂತ್ರದಲ್ಲಿ ಸಾರಜನಕ ಜಾಸ್ತಿ. ಮಧ್ಯದಲ್ಲಿ ಸುಡುತ್ತದೆ, ಅಂಚಿನಲ್ಲಿ ಗೊಬ್ಬರ ಆಗುತ್ತದೆ. ಅದು ಮೂತ್ರ ಮಾಡಿದ ಕೂಡಲೇ ಅಲ್ಲಿಗೆ ಅರ್ಧ ಬಕೆಟ್ ನೀರು ಸುರಿದರೆ ಮುಗಿಯಿತು. ತೇಪೆ ಕೈ ಬೀಸಿದ ಹಾಗೆ ಪಟ್ಟೆಪಟ್ಟೆಯಾಗಿದ್ದರೆ ಹಿಂದೆ ಯಾವಾಗಲೋ ಯೂರಿಯಾ ಎರಚಿದ ಗುರುತು. ಹುಲ್ಲಿನ ತುದಿಗಳು ಮಾತ್ರ ಎಲ್ಲ ಕಡೆ ಬಿಳಿಚಿಕೊಂಡಿದ್ದರೆ ಕತ್ತರಿಸುವ ಮೆಷಿನ್ನಿನ ಬ್ಲೇಡು ಮೊಂಡಾಗಿದೆ. ಒಂದು ಎಲೆ ಕಿತ್ತು ಹತ್ತಿರದಿಂದ ನೋಡಿ. ಹರಿತ ಬ್ಲೇಡಿನ ಗಾಯ ನೇರ ಗೆರೆ. ಮೊಂಡು ಬ್ಲೇಡಿನದು ಹಳೆ ಟವೆಲ್ಲಿನ ಅಂಚಿನ ಹಾಗೆ ನಾರುನಾರು.

ಈಗ ನೀರಿನ ಮಾತು. ನಿಮ್ಮ ತೊಂದರೆಯ ಬೇರು ಇರುವುದು ಇಲ್ಲೇ.

ಒಂದು 15 ಲೀಟರ್ ಬಕೆಟ್ ತುಂಬಲು ನಿಮ್ಮ ಪೈಪಿಗೆ ಎಷ್ಟು ಹೊತ್ತು ಬೇಕು ಅಂತ ನೋಡಿ. ಸಾಧಾರಣ ಮನೆ ಪೈಪಿಗೆ ಒಂದು ನಿಮಿಷ ಆಗಬಹುದು. ನಲವತ್ತು ನಿಮಿಷಕ್ಕೆ 600 ಲೀಟರ್ ಆಯಿತು. ನಗರದ ನೀರು ಸರಬರಾಜು ಲೆಕ್ಕ ಹಾಕುವವರು ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಇಟ್ಟುಕೊಳ್ಳುತ್ತಾರೆ. ನಾಲ್ಕು ಜನರ ಮನೆಗೆ 540. ಅಂದರೆ ನಿಮ್ಮ ಹುಲ್ಲು ಒಂದು ಇಡೀ ಸಂಸಾರಕ್ಕಿಂತ ಜಾಸ್ತಿ ಕುಡಿಯುತ್ತಿದೆ. ಹತ್ತು ದಿನಕ್ಕೆ 6,000 ಲೀಟರಿನ ಒಂದು ಟ್ಯಾಂಕರ್! ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿಗೆ ಪರದಾಟ ಆದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು.

ಇಷ್ಟು ಕುಡಿದೂ ಒಣಗಿದೆಯಲ್ಲ, ಅದು ಹೇಗೆ? ದಿನಾ ನೀರು ಬಿದ್ದರೆ ಮೇಲಿನ ಒಂದೆರಡು ಇಂಚು ಮಣ್ಣಿನಲ್ಲೇ ಬೇರಿಗೆ ಬೇಕಾದ ನೀರು ಸಿಗುತ್ತದೆ. ಬೇರು ಕೆಳಗಿಳಿಯುವ ಕಷ್ಟ ಯಾಕೆ ಪಡುತ್ತದೆ? ಮೇಲೇ ಉಳಿಯುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಆ ಎರಡು ಇಂಚು ಕಾದು ಒಣಗುತ್ತದೆ. ಹುಲ್ಲು ಬಾಡುತ್ತದೆ, ನೀವು ಇನ್ನಷ್ಟು ನೀರು ಹಾಕುತ್ತೀರಿ. ದಿನಾ ತೇವ ಆಗುವ ಮೇಲ್ಮಣ್ಣು ತುಂಗೆ ಹುಲ್ಲಿಗೆ ಹಬ್ಬ. ಹಸಿರು ಸಾಲದು ಅಂತ ಯೂರಿಯಾ ಬೀಳುತ್ತದೆ, ಎಳೆ ಚಿಗುರು ಬರುತ್ತದೆ, ಅದಕ್ಕೆ ಕೀಟ ಬರುತ್ತದೆ. ಕೀಟಕ್ಕೆ ವಿಷ. ವಿಷಕ್ಕೆ ಎರೆಹುಳು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ನೀರು ಇನ್ನೂ ಇಂಗುವುದಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದೇ ಆಸೆ: ಏಪ್ರಿಲ್‌ನಲ್ಲೂ ಲಾನ್ ಹಸಿರಾಗಿ ಇರಬೇಕು ಅನ್ನುವುದು. ಅದನ್ನು ಬಿಟ್ಟರೆ ಉಳಿದ ಖರ್ಚು, ಔಷಧಿ, ತಲೆನೋವು ತಾವಾಗಿ ಉದುರುತ್ತವೆ.

ಲಾನ್ ಅನ್ನುವುದು ವರ್ಷವಿಡೀ ಜಿನುಗು ಮಳೆ ಬೀಳುವ ತಣ್ಣನೆ ದೇಶದವರು ಕಂಡುಕೊಂಡ ಸುಖ. ನಮ್ಮ ಮನೆಗಳಿಗೆ ಮುಂದೆ ಸಗಣಿ ಸಾರಿಸಿದ ಅಂಗಳ, ಹಿಂದೆ ಹಿತ್ತಲು ಇತ್ತು. ಹಾಗಂತ ನಾನು ಲಾನ್ ವಿರೋಧಿ ಅಲ್ಲ. ಮೊಮ್ಮಗಳು ಬರಿಗಾಲಲ್ಲಿ ಓಡಲಿ. ಇನ್ನೊಂದು ವಿಷಯ ಗೊತ್ತಾ? ನೀವು ದುಡ್ಡು ಕೊಟ್ಟು ತಂದ ಬರ್ಮುಡಾ ಬೇರೆ ಏನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯ ಕುಟುಂಬದ್ದೇ. ತಳಿ ಬೇರೆ ಇರಬಹುದು, ಸ್ವಭಾವ ಅದೇ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ಸೈಟಿನಲ್ಲಿದ್ದ ಗರಿಕೆಯನ್ನು ಕಳೆ ಅಂತ ಕೆರೆಸಿ, ಅದರ ನೆಂಟನನ್ನು ಸುರುಳಿ ಸುತ್ತಿ ತರಿಸುತ್ತೇವೆ. ಹೊಲದ ಬದುವಿನ ಗರಿಕೆ ಮಾರ್ಚ್‌ನಲ್ಲಿ ಒಣಗಿ ಕಡ್ಡಿಯಾಗಿರುತ್ತದೆ. ಭರಣಿ ಮಳೆ ಒಂದು ಬಿದ್ದರೆ ವಾರದಲ್ಲಿ ಚಿಗುರುತ್ತದೆ. ಅದಕ್ಕೆ ಯಾರು ಟ್ಯಾಂಕರ್ ತರಿಸಿದ್ದರು?

ಹಾಗಾಗಿ ಮಳೆ ಬರುವವರೆಗೆ ಹೀಗೆ ಮಾಡಿ. ದಿನಾ ನೀರು ಹಾಕುವುದನ್ನು ನಿಲ್ಲಿಸಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಏಳರೊಳಗೆ, ನಿಧಾನವಾಗಿ ಒಂದೇ ಸಲ ಚೆನ್ನಾಗಿ ನೆನೆಸಿ. ಎಷ್ಟು ಅಂತ ತಿಳಿಯಲು ಹುಲ್ಲಿನ ಮೇಲೆ ಮೂರು ನಾಲ್ಕು ಕಡೆ ನೇರ ಗೋಡೆಯ ಖಾಲಿ ಡಬ್ಬಿ ಇಡಿ. ಮೊಮ್ಮಗಳ ಅಣ್ಣನೋ ಅಕ್ಕನೋ ಇದ್ದರೆ ಸ್ಕೇಲು ಕೊಟ್ಟು ಅಳೆಯಲು ಹೇಳಿ. ಡಬ್ಬಿಯಲ್ಲಿ 12 ಮಿ.ಮೀ. ನಿಂತರೆ ಸಾಕು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಅಂದರೆ ಸರಿಯಾಗಿ ಒಂದು ಲೀಟರ್. ನಿಮ್ಮ ಲಾನ್ 56 ಚದರ ಮೀಟರ್, ಹಾಗಾಗಿ ಒಂದು ಸಲಕ್ಕೆ 670 ಲೀಟರ್. ಇಲ್ಲಿಯವರೆಗೆ ಇದೇ ಹದಿನೈದು ದಿನಕ್ಕೆ 9,000 ಲೀಟರ್ ಹೋಗುತ್ತಿತ್ತು. ನೀರು ಹಾಕಿದ ಒಂದು ಗಂಟೆಯ ಮೇಲೆ ಉದ್ದ ಸ್ಕ್ರೂಡ್ರೈವರ್ ತೂರಿಸಿ ನೋಡಿ. ನಾಲ್ಕು ಇಂಚು ಸಲೀಸಾಗಿ ಇಳಿದರೆ ನೀರು ಬೇರಿನ ತನಕ ಹೋಗಿದೆ. ಹುಲ್ಲು ಹಸಿರಾಗುವುದಿಲ್ಲ, ಅದಂತೂ ಖಂಡಿತ. ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆದರೆ ಜೀವ ಹಿಡಿದುಕೊಂಡಿರುತ್ತದೆ. ಈ ಹೊತ್ತಿನಲ್ಲಿ ಕತ್ತರಿಸಬೇಡಿ, ಗೊಬ್ಬರ ಬೇಡ, ಜನ ಜಾಸ್ತಿ ಓಡಾಡುವುದೂ ಬೇಡ.

ಹರಳು ಔಷಧಿಯ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಮಾಲಿಗಳು ರೂಢಿಯಲ್ಲಿ ಹೀಗೆ ಕೇಳುವುದು ಫೋರೇಟ್ ಎಂಬ ಕೀಟನಾಶಕದ ಹರಳನ್ನು. ಕೇಂದ್ರ ಸರ್ಕಾರದ 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಅದಕ್ಕೆ ದೇಶದಲ್ಲಿ ನಿಷೇಧ ಇದೆ. ಅಷ್ಟು ಕಟುವಾದ ವಿಷ ಅದು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಒಬ್ಬರ ಲಾನಿಗೆ ಹಾಕಿಸಿದ್ದೆ. ಆಗ ಅದು ನಡೆಯುತ್ತಿತ್ತು. ಮಾರನೆಯ ದಿನ ಹೋದರೆ ನಲ್ಲಿಯ ಹತ್ತಿರ ಎರಡು ಗೊರವಂಕ ಸತ್ತು ಬಿದ್ದಿದ್ದವು. ಒಂದರ ಕೊಕ್ಕಿನಲ್ಲಿ ಇನ್ನೂ ಅರ್ಧ ಹುಳು ಇತ್ತು. ಮನೆಯವರು ನೋಡುವ ಮುಂಚೆ ಗುಂಡಿ ತೋಡಿ ಮುಚ್ಚಿದೆ. ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಗೊಣ್ಣೆ ಹುಳುವನ್ನು ಬಿಟ್ಟಿ ಹೆಕ್ಕುವ ಹಕ್ಕಿಯನ್ನೇ ಕೊಂದಿದ್ದೆ ನೋಡಿ. ಗೊರವಂಕ, ಬೆಳ್ಳಕ್ಕಿ, ಉದ್ದ ಕೊಕ್ಕನ್ನು ಮಣ್ಣಿಗೆ ಚುಚ್ಚಿ ಚುಚ್ಚಿ ಹುಡುಕುವ ಚಂದ್ರಮುಕುಟ ಇವೆಲ್ಲ ಲಾನಿಗೆ ಬರುವುದು ಹುಳುವಿಗಾಗಿಯೇ.

ಗೊಣ್ಣೆ ಹುಳು ನಿಜವಾಗಿಯೂ ಇದ್ದರೆ ಮಾಡಬೇಕಾದ್ದು ಎರಡು. ಮೊದಲನೆಯದು ದುಂಬಿ ಹಿಡಿಯುವುದು. ಏಪ್ರಿಲ್ ಮೇನಲ್ಲಿ ಜೋರು ಮಳೆ ಬಂದ ಸಂಜೆ ಏಳೂವರೆ ಹೊತ್ತಿಗೆ ಟಾರ್ಚ್ ಹಿಡಿದು ಹತ್ತಿರದ ಬೇವಿನ ಮರದ ಕೆಳಗೆ ಹೋಗಿ. ಗುಂಯ್ ಅನ್ನುವ ಸದ್ದು ಕೇಳುತ್ತದೆ. ಕೆಳಗೆ ಹಳೆ ಪಂಚೆ ಹಾಸಿ ಕೊಂಬೆ ಅಲ್ಲಾಡಿಸಿದರೆ ಕಡಲೆಬೀಜ ಸುರಿದ ಹಾಗೆ ಬೀಳುತ್ತವೆ. ಸೋಪು ಕಲಸಿದ ನೀರಿನ ಬಕೆಟ್ಟಿಗೆ ಹಾಕಿ. ಮೂರು ನಾಲ್ಕು ಸಂಜೆ ಸಾಕು. ಎರಡನೆಯದು ಮೆಟರೈಜಿಯಂ ಅನ್ನುವ ಶಿಲೀಂಧ್ರ. ಇದು ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ವಾರ ತೇವ ಆರದಂತೆ ಇಟ್ಟು, ಮಳೆ ಬಂದು ಮಣ್ಣು ಒದ್ದೆ ಇರುವಾಗ ಸಂಜೆ ಎರಚಬೇಕು. ಬಿಸಿಲಿಗೆ ಎರಚಿದರೆ ದಂಡ. ನಿಮಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಎಲ್ಲಿ ಒಳ್ಳೆಯದು ಸಿಗುತ್ತದೆ ಅಂತ ಅಲ್ಲಿ ವಿಚಾರಿಸಿ. ಆದರೆ ಎಣಿಸದೆ ಅದನ್ನೂ ಹಾಕಬೇಡಿ. ಜುಲೈನಲ್ಲಿ ಸಲಿಕೆಯಿಂದ ಒಂದು ಅಡಿ ಚೌಕ ಹುಲ್ಲನ್ನು ಮೂರು ಇಂಚು ಆಳಕ್ಕೆ ಎತ್ತಿ ನೋಡಿ. ಒಂದೆರಡು ಹುಳು ಇದ್ದರೆ ಹಕ್ಕಿಗೆ ಬಿಡಿ. ಐದಾರಕ್ಕಿಂತ ಜಾಸ್ತಿ ಸಿಕ್ಕರೆ ಮಾತ್ರ ಮೆಟರೈಜಿಯಂ ಯೋಚನೆ.

ತುಂಗೆ ಹುಲ್ಲಿಗೆ ಅಂಗಡಿಯವರು ಗ್ಲೈಫೋಸೇಟ್ ಕೊಡಲು ನೋಡಬಹುದು. 2022ರ ಅಕ್ಟೋಬರ್‌ನ ಆದೇಶದಂತೆ ಅದನ್ನು ಕೀಟ ನಿಯಂತ್ರಣದ ಕೆಲಸದವರನ್ನು ಬಿಟ್ಟು ಬೇರೆ ಯಾರೂ ಹೊಡೆಯುವಂತಿಲ್ಲ. ಅದಕ್ಕೂ ಮಿಗಿಲಾಗಿ, ಅದು ಗರಿಕೆಯನ್ನೂ ಕೊಲ್ಲುತ್ತದೆ. ಉಪ್ಪು, ವಿನೆಗರ್ ಬೆರೆಸಿ ಸುರಿಯಿರಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ದಯವಿಟ್ಟು ಬೇಡ. ಕಳೆಯ ಎಲೆ ಸುಟ್ಟು ಗಡ್ಡೆ ಉಳಿಯುತ್ತದೆ, ಉಪ್ಪು ಮಾತ್ರ ಮಣ್ಣಲ್ಲಿ ಕೂರುತ್ತದೆ. ತುಂಗೆಯನ್ನು ಸುಮ್ನೆ ಎಳೆದರೂ ಪ್ರಯೋಜನ ಇಲ್ಲ, ದಾರದಂಥ ಬೇರು ಕಡಿದು ಗಡ್ಡೆ ಒಳಗೇ ಉಳಿಯುತ್ತದೆ. ಮಳೆ ಬಂದ ಮಾರನೆಯ ದಿನ ಮಣ್ಣು ಮೆತ್ತಗಿರುವಾಗ ಚೂಪಾದ ಸಲಾಕೆ ಹಾಕಿ ಗಡ್ಡೆ ಸಮೇತ ಮೀಟಿ ತೆಗೆಯಬೇಕು. ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ, ನನ್ನ ಮನೆಯಲ್ಲೇ ಹೋಗಿಲ್ಲ. ದಿನದ ನೀರು ನಿಂತರೆ ಅದರ ಜೋರು ಇಳಿಯುತ್ತದೆ. ಹುಲ್ಲನ್ನು ಎತ್ತರ ಬಿಟ್ಟರೆ ನೆರಳಿಗೆ ಇನ್ನೂ ಸೊರಗುತ್ತದೆ.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ನಿಮ್ಮಷ್ಟು ಲಾನಿಗೆ, ಅದೂ ಮಳೆಗಾಲದಲ್ಲಿ ಚೆನ್ನಾಗಿ ಬೆಳೆಯುವಾಗ, ಒಂದು ಸಲಕ್ಕೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಮೇಲೆ ಸಾಕು ಅಂತ ಲೆಕ್ಕ. ಮಾಲಿ ಕೇಳಿದ್ದು ಅದರ ಮೂರು ಪಟ್ಟಿಗಿಂತ ಜಾಸ್ತಿ. ಹುಲ್ಲು ಕುಡಿಯದೇ ಬಿಟ್ಟದ್ದು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗೆ ನಿಮ್ಮದೇ ಬೋರ್‌ವೆಲ್ ಇದೆಯಲ್ಲ! ನನ್ನ ಮಟ್ಟಿಗೆ ಮನೆ ಲಾನಿಗೆ ಯೂರಿಯಾ ಬೇಕೇ ಇಲ್ಲ. ಕತ್ತರಿಸಿದ ಹುಲ್ಲನ್ನು ಗುಡಿಸದೆ ಅಲ್ಲೇ ಬಿಡಿ, ಬೇಕಾದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಅದರಿಂದಲೇ ಬರುತ್ತದೆ. ಜೂನ್ ಮೊದಲ ವಾರ ಜರಡಿ ಹಿಡಿದ ಕಾಂಪೋಸ್ಟನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಎರಚಿ ಪೊರಕೆಯಲ್ಲಿ ಎಳೆಯಿರಿ. ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸುವ ಜೀವಾಮೃತ ಹಾಕಲಾ ಅಂತ ಬಹಳ ಜನ ಕೇಳುತ್ತಾರೆ. ಹಾಕಿದರೆ ಕೆಟ್ಟದ್ದೇನಿಲ್ಲ. ಆದರೆ ಪೇಟೆಯಲ್ಲಿ ಗಂಜಲ ಹುಡುಕಿಕೊಂಡು ಅಲೆದಾಡಿ, ಅಕ್ಕಪಕ್ಕದವರಿಂದ ವಾಸನೆಗೆ ಬೈಸಿಕೊಳ್ಳುವುದಕ್ಕಿಂತ ಕಾಂಪೋಸ್ಟ್ ಸುಲಭ.

ಕಾಂಪೋಸ್ಟಿಗೆ ದುಡ್ಡು ಕೊಡಬೇಕಿಲ್ಲ. ಮೂರು ಅಡಿ ಅಗಲಕ್ಕೆ ಕೋಳಿ ಮೆಶ್ ಸುತ್ತಿ ಮೂಲೆಯಲ್ಲಿ ನಿಲ್ಲಿಸಿ. ಮಾವಿನೆಲೆ, ಬೀದಿಯ ಹೊಂಗೆ ಎಲೆ ಎಲ್ಲ ಅದರೊಳಗೆ. ಹೊಂಗೆ ಸೊಪ್ಪು ಅಂದರೆ ನಮ್ಮ ಗದ್ದೆಯವರು ಹುಡುಕಿ ತಂದು ತುಳಿಸುತ್ತಿದ್ದ ಗೊಬ್ಬರ. ಅದನ್ನು ಗುಡಿಸಿ ರಸ್ತೆ ಬದಿ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಎರಡು ಬುಟ್ಟಿ ಎಲೆಗೆ ಒಂದು ಬುಟ್ಟಿ ಅಡುಗೆಮನೆಯ ಹಸಿ ಕಸ, ಮೇಲೆ ಒಂದು ಚೊಂಬು ಹುಳಿ ಮಜ್ಜಿಗೆ. ಹಿಂಡಿದರೆ ನೀರು ಇಳಿಯಬಾರದು, ಕೈಗೆ ಒದ್ದೆ ಅನ್ನಿಸಬೇಕು, ಅಷ್ಟು ತೇವ. ನಾಲ್ಕೈದು ತಿಂಗಳಿಗೆ ಕೆಳಗಿನಿಂದ ಕಪ್ಪು ಗೊಬ್ಬರ ಬರುತ್ತದೆ.

ಇನ್ನು ಅಳತೆ. ಮಳೆ ಬಂದ ಮೇಲೆ ಲಾನನ್ನು ಅರ್ಧಕ್ಕೆ ಇಳಿಸಿ ಅನ್ನುವುದು ನನ್ನ ಸಲಹೆ. ಬಿಸಿಲು ಚೆನ್ನಾಗಿ ಬೀಳುವ 300 ಚದರ ಅಡಿ ಇಟ್ಟುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಅದಕ್ಕೆ ಹದಿನೈದು ದಿನಕ್ಕೆ 350 ಲೀಟರ್ ಸಾಕು. ನಿಮ್ಮ ತಾರಸಿ ಸಾವಿರ ಚದರ ಅಡಿ ಇದ್ದರೆ ಒಂದು ಸೆಂಟಿಮೀಟರ್ ಮಳೆಗೆ ಸುಮಾರು 900 ಲೀಟರ್ ಇಳಿಯುತ್ತದೆ. ಮೈಸೂರಿಗೆ ಮೇ ಮತ್ತು ಅಕ್ಟೋಬರ್‌ನಲ್ಲಿ ಒಂದೊಂದು ಸಂಜೆಯೇ ಅದಕ್ಕಿಂತ ಜಾಸ್ತಿ ಸುರಿಯುತ್ತದಲ್ವಾ? ಒಂದು ಸಂಪು, ಇಲ್ಲದಿದ್ದರೆ ಬೋರ್‌ವೆಲ್ ಪಕ್ಕ ಒಂದು ಇಂಗುಗುಂಡಿ ಮಾಡಿಸಿ. ಕತ್ತರಿಸುವಾಗ ಎರಡು ಇಂಚು ಎತ್ತರ ಬಿಡಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಇಷ್ಟು ಜಾಗಕ್ಕೆ ಪೆಟ್ರೋಲ್ ಮೆಷಿನ್ ಯಾಕೆ, ಕೈಯಿಂದ ತಳ್ಳುವುದೇ ಸಾಕು.

ಮಾವಿನ ಕೆಳಗಿನ ಜಾಗವನ್ನು ಲಾನಿನ ಲೆಕ್ಕದಿಂದಲೇ ತೆಗೆದುಬಿಡಿ. ಗರಿಕೆ ನೆರಳಿನ ಗಿಡವೇ ಅಲ್ಲ. ಅಲ್ಲಿ ಮಾವಿನೆಲೆಯನ್ನೇ ಮೂರು ಇಂಚು ಹೊದಿಸಿ, ತೇವ ಇರುವ ಕಡೆ ಒಂದೆಲಗ ಬಿಡಿ. ಚಟ್ನಿಗಾದರೂ ಆಯಿತು. ಉಳಿದ ಜಾಗಕ್ಕೆ ಕರಿಬೇವು, ದಾಸವಾಳ, ಸ್ಫಟಿಕದ ಹೂ, ನಂದಿಬಟ್ಟಲು, ತುಂಬೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವುದೊಂದು ಕೂತಿದ್ದರೆ ಒರೆಸಬೇಡಿ, ಮೊಮ್ಮಗಳನ್ನು ಕರೆದು ತೋರಿಸಿ. ಅದು ಚಿಟ್ಟೆಯ ಮರಿ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದರೆ ಮೊದಲು ಪೈಪಿನ ನೀರಿನಿಂದ ಜೋರಾಗಿ ಹೊಡೆಯಿರಿ. ಹೋಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತಯಾರಿಸಿದ ಬೇವಿನ ಸೋಪು ಸಿಗುತ್ತದೆ, ಅದನ್ನು ಕರಗಿಸಿ ಸಂಜೆ ಸಿಂಪಡಿಸಿ.

ನರ್ಸರಿಯಲ್ಲಿ ‘ಏನೂ ನೋಡಿಕೊಳ್ಳಬೇಕಿಲ್ಲ, ತಾನೇ ಹರಡುತ್ತದೆ’ ಅಂತ ಹಳದಿ ಹೂವಿನ ವೆಡೇಲಿಯಾ ಕೊಡುತ್ತಾರೆ. ತಾನೇ ಹರಡುತ್ತದೆ ಅನ್ನುವುದೇ ಅದರ ದೋಷ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡನ್ನು ನುಂಗಿರುವ ಲಂಟಾನವೂ ಒಂದು ಕಾಲಕ್ಕೆ ಅಲಂಕಾರಕ್ಕೆಂದು ಈ ದೇಶಕ್ಕೆ ಬಂದ ತೋಟದ ಗಿಡವೇ.

ಅಕ್ಕಿ, ಬೇಳೆ ತೊಳೆದ ನೀರು ಯಾವ ಗಿಡಕ್ಕಾದರೂ ಸರಿ. ಆರ್‌ಒ ಮೆಷಿನ್ ಹೊರಗೆ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದು ನೆಲ ಒರೆಸಲು ಇರಲಿ. ಸ್ನಾನದ ನೀರನ್ನು ಲಾನಿಗೆ ಬಿಡಬೇಡಿ, ಮಗು ಆಡುವ ಜಾಗ ಅದು. ಮಲೆನಾಡಿನ ಕಡೆ ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು ಇರುತ್ತಿತ್ತಲ್ಲ, ಅದೇ ಉಪಾಯ. ಬಾಳೆ ಒಂದೆರಡು, ಜೊತೆಗೆ ಕಾಬಾಳೆ ಹಾಕಿ. ನೀರು ಎಲ್ಲೂ ನಿಲ್ಲದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಸೊಳ್ಳೆ.

ಪಕ್ಕದ ಮನೆಯ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಿಟ್ಟು ನೋಡಿ, ನಾನು ಹೇಳುವುದೇ ಬೇಡ. ಕೆಲವು ವರ್ಷಕ್ಕೆ ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಆಮೇಲೆ ಅದನ್ನು ಎಸೆಯುವುದಾದರೂ ಎಲ್ಲಿಗೆ?

ಕೊನೆಗೆ ನಿಮ್ಮ ಮಾಲಿಯ ವಿಷಯ. ಹುಲ್ಲು ಕಂದಾದರೆ ಬೈಸಿಕೊಳ್ಳುವುದು ಅವರು, ಅದಕ್ಕೇ ಯೂರಿಯಾ ಕೇಳುತ್ತಾರೆ. “ಮಳೆ ಬರುವವರೆಗೆ ಒಣಗಿದ್ದರೂ ಪರವಾಗಿಲ್ಲ, ನಾನೇ ಹೇಳಿದ್ದು” ಅಂತ ನೀವೇ ಬಾಯಿಬಿಟ್ಟು ಹೇಳಿ. ಕೆಲಸ ಕಡಿಮೆ ಆಯಿತು ಅಂತ ಸಂಬಳ ಇಳಿಸಬೇಡಿ. ಮೆಶ್ ನಿಲ್ಲಿಸುವುದು, ಬ್ಲೇಡು ಸಾಣೆ ಹಿಡಿಸುವುದು, ಮಾವಿನ ಕೆಳಗೆ ಎಲೆ ಹೊದಿಸುವುದು ಈ ತಿಂಗಳಿಗೆ ಸಾಕಷ್ಟಾಯಿತು. ಜುಲೈನಲ್ಲಿ ಒಂದು ಅಡಿ ಚೌಕ ಎತ್ತಿ ನೋಡಿದ ಮೇಲೆ ಎಷ್ಟು ಹುಳು ಸಿಕ್ಕಿತು ಅಂತ ಬರೆಯಿರಿ. ಮೆಟರೈಜಿಯಂ ಬೇಕೋ ಬೇಡವೋ ಆಗ ಹೇಳುತ್ತೇನೆ.